ಪ್ಯಾರಾಲಿಂಪಿಕ್ಸ್ ಪ್ರಸಾರ ಮತ್ತು ವೀಕ್ಷಕರ ದೃಷ್ಟಿ

ಅಂಗವಿಕಲ ಕ್ರೀಡಾಪಟುಗಳನ್ನು ಟಿ.ವಿ. ವೀಕ್ಷಕರು ಕಾಣುವ ಬಗೆ ಬಹುಮಟ್ಟಿಗೆ ಪ್ರಸಾರದ ಧಾಟಿಯನ್ನು ಅವಲಂಬಿಸಿದೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಇದಕ್ಕೆ ಮುಖ್ಯ ನಿದರ್ಶನ. ಬ್ರಿಟನ್ನಿನ ಚಾನೆಲ್ 4 ಕೂಟಕ್ಕೆ ಮುನ್ನ ‘ಮೀಟ್ ದ ಸೂಪರ್‌ಹ್ಯೂಮನ್ಸ್’ ಎಂಬ ಪ್ರಚಾರಚಿತ್ರ ಬಿತ್ತರಿಸಿತು. ‘ಅಯ್ಯೋ ಪಾಪ’ ಎಂಬ ಉದ್ಗಾರದ ಜಾಗಕ್ಕೆ ‘ಅಬ್ಬಾ’ ಬರಲಿ ಎಂಬುದು ಅದರ ಹವಣಿಕೆ. ಈ ಹೊಗಳಿಕೆಯಲ್ಲೂ ತೊಡಕಿತ್ತು: ಪದಕದ ಹಂಗಿಲ್ಲದೆ, ಬಸ್ಸು ಹತ್ತಲು ದಿನವೂ ಹೆಣಗುವ ಅಂಗವಿಕಲರು ‘ಅತಿಮಾನವ’ ಚೌಕಟ್ಟಿನ ಹೊರಗುಳಿಯುತ್ತಾರೆಂದು ಹಕ್ಕುಗಳ ಹೋರಾಟಗಾರರು ಆಕ್ಷೇಪಿಸಿದರು. ಆಕ್ಷೇಪ ಸರಿಯಾದದ್ದೇ.

ವೀಕ್ಷಕರನ್ನು ನಿಜಕ್ಕೂ ಗೊಂದಲಕ್ಕೆ ಕೆಡವುವುದು ಅಂಗವೈಕಲ್ಯಕ್ಕೆ ತಕ್ಕಂತೆ ಮಾಡುವ ವರ್ಗೀಕರಣ. ಒಂದೇ ದೂರದ ಓಟ ಹಲವು ಸಲ ನಡೆಯುತ್ತದೆ, ಪ್ರತಿ ಸಲವೂ ಬೇರೆ ಚಿನ್ನ! ಟಿ11 ವರ್ಗದ ಅಂಧ ಓಟಗಾರರು ಕಣ್ಣಿಗೆ ಪಟ್ಟಿ ಕಟ್ಟಿ, ಮಾರ್ಗದರ್ಶಿಯೊಡನೆ ಒಂದೇ ದಾರ ಹಿಡಿದು ಓಡುತ್ತಾರೆ. ಟಿ54 ಗಾಲಿಕುರ್ಚಿಯ ವರ್ಗ. ಇಂಥ ವ್ಯತ್ಯಾಸಗಳನ್ನು ತೆರೆಯ ಮೇಲೆ ಬಣ್ಣದ ಆಕೃತಿಗಳಿಂದ ವಿವರಿಸುವ ‘ಲೆಕ್ಸಿ’ ಎಂಬ ವ್ಯವಸ್ಥೆಯನ್ನು ಮಾಜಿ ಪ್ಯಾರಾಲಿಂಪಿಕ್ ಈಜುಗಾರ ಜೈಲ್ಸ್ ಲಾಂಗ್ ರೂಪಿಸಿದರು. ನಿಯಮ ತಿಳಿದವರಿಗೆ ಕನಿಕರಕ್ಕಿಂತ ಪೈಪೋಟಿ ಮುಖ್ಯವಾಗುತ್ತದೆ. 2024ರ ಪ್ಯಾರಿಸ್ ಕೂಟಕ್ಕೆ ಚಾನೆಲ್ 4 ‘ಅಂಗವಿಕಲರಾಗಿ ಇಷ್ಟು ಸಾಧಿಸಿದ್ದಾರಲ್ಲ’ ಎಂಬ ರಿಯಾಯಿತಿಯ ಮೆಚ್ಚುಗೆಯನ್ನೇ ಪ್ರಚಾರದಲ್ಲಿ ಛೇಡಿಸಿತು.