ಪರದೆ ಬರೆದವರ ಹೆಸರು

ಡಿಜಿಟಲ್ ಕಲಾವಿದರಿಗಾಗಿ ಅಂತರ್ಜಾಲದಲ್ಲಿ ನಡೆಯುವ ಮ್ಯಾಟ್ ಪೇಂಟಿಂಗ್ ಸ್ಪರ್ಧೆಗಳ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಒಂದು ವಿಷಯ ಕೊಡುತ್ತಾರೆ: ಜನ ಬಿಟ್ಟುಹೋದ ನಗರ, ಮಂಜಿನೊಳಗಿನ ಕೋಟೆ, ನೂರು ವರ್ಷ ಮುಂದಿನ ಬಂದರು. ಕೆಲವು ವಾರಗಳ ಗಡುವು ಇರುತ್ತದೆ. ಅಷ್ಟರೊಳಗೆ ಸ್ಪರ್ಧಿ ಆ ಜಾಗವನ್ನು ಒಂದೇ ಚೌಕಟ್ಟಿನಲ್ಲಿ ಕಟ್ಟಿಕೊಡಬೇಕು. ನೋಡಿದವರಿಗೆ ಅದು ಬರೆದ ಚಿತ್ರ ಅನ್ನಿಸಬಾರದು. ಯಾರೋ ಅಲ್ಲಿಗೆ ಹೋಗಿ ಕ್ಯಾಮೆರಾದಲ್ಲಿ ಹಿಡಿದು ತಂದಂತಿರಬೇಕು. ಇದರ ಜೊತೆಗೆ, ಮೊದಲ ಗೀಟಿನಿಂದ ಕೊನೆಯ ಚಿತ್ರದವರೆಗಿನ ಹಂತಗಳನ್ನೂ ಸ್ಪರ್ಧಿ ತನ್ನ ಹೆಸರಿನಲ್ಲಿ ಎಲ್ಲರ ಮುಂದೆ ಇಡುತ್ತಾ ಹೋಗಬೇಕು.

ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಕೂತು ಇಂಥ ಸ್ಪರ್ಧೆಗೆ ಚಿತ್ರ ಕಳಿಸುವ ವಿದ್ಯಾರ್ಥಿಗೆ, ಈ ವಿದ್ಯೆ ಹಾಲಿವುಡ್‌ನಿಂದ ಬಂದದ್ದು ಅನ್ನಿಸುವುದು ಸಹಜ. ಹೆಸರು ಅಲ್ಲಿಂದ ಬಂದದ್ದೇ. ಕೆಲಸ ಮಾತ್ರ ಈ ಊರುಗಳಿಗೆ ಹೊಸದಲ್ಲ. ಇಲ್ಲದ ಊರನ್ನು ಬಣ್ಣದಲ್ಲಿ ಕಟ್ಟಿ, ಅದರ ಮುಂದೆ ಮನುಷ್ಯರನ್ನು ನಿಲ್ಲಿಸಿ, ನೋಡುವವರನ್ನು ನಂಬಿಸುವ ಕೆಲಸ ಇಲ್ಲಿ ನೂರು ವರ್ಷಕ್ಕೂ ಹಿಂದೆಯೇ ಒಂದು ಕಸುಬಾಗಿತ್ತು. ಆ ಕಸುಬುದಾರರ ಹೆಸರುಗಳು ಮಾತ್ರ ನಮ್ಮ ಬಳಿ ಹೆಚ್ಚು ಉಳಿದಿಲ್ಲ.

ಪರದೆ ಬರುವ ಮೊದಲು ನಮ್ಮ ಆಟಗಳಲ್ಲಿ ಊರು ಕಟ್ಟುತ್ತಿದ್ದದ್ದು ಮಾತು. ದೊಡ್ಡಾಟದ ಸಾರಥಿ ಬಂದ ಪಾತ್ರವನ್ನು ನೀನು ಯಾರು, ಯಾವ ಪಟ್ಟಣದವನು ಎಂದು ಕೇಳುತ್ತಾನೆ. ಪಾತ್ರ ಉತ್ತರ ಕೊಟ್ಟ ಕ್ಷಣ ಬಯಲೇ ಆ ಪಟ್ಟಣವಾಗುತ್ತದೆ. ಹಿಂದೆ ಚಿತ್ರ ಬೇಕಿಲ್ಲ. ಉತ್ತರ ಕನ್ನಡದ ಕರ್ಕಿಯಿಂದ ಹೋದ ಭಾಗವತ ಮೇಳವೊಂದರ ಆಟ ನೋಡಿದ ಪ್ರೇರಣೆಯಿಂದಲೇ ಸಾಂಗ್ಲಿಯ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿಯ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದರು. ಹೀಗೆ ಇಲ್ಲಿಂದ ಬರಿಗೈಯಲ್ಲಿ ಹೋದ ಆಟ, ಸಂಗೀತ ನಾಟಕವಾಗಿ, ಪಾರ್ಸಿ ಕಂಪನಿಗಳಿಂದ ಕಲಿತ ಸೀನು-ಸೀನರಿ ಹೊತ್ತುಕೊಂಡು ಹುಬ್ಬಳ್ಳಿ-ಧಾರವಾಡಕ್ಕೆ ಹಿಂತಿರುಗಿತು. ಮರಾಠಿ ನಾಟಕಗಳಿಗೆ ಮುಗಿಬೀಳುವ ಜನರನ್ನು ಕಂಡ ಶಾಂತಕವಿಗಳು (1856–1920) ಗದಗಿನಲ್ಲಿ ಕನ್ನಡದ ಮಂಡಳಿ ಕಟ್ಟಿದರು. ಆಮೇಲೆ ಶಿರಹಟ್ಟಿ, ಕೊಣ್ಣೂರು, ಹಲಗೇರಿ ಎಂದು ಊರ ಹೆಸರಿನ ಕಂಪನಿಗಳು ಎದ್ದವು. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿ ಬಣ್ಣ ಹಚ್ಚಿದ್ದು ವಾಮನರಾವ್ ಮಾಸ್ತರರ ಕಂಪನಿಯಲ್ಲಿ.

ಈ ಕಂಪನಿಗಳು ತಿರುಗಿದ್ದು ರೈಲಿನ ಆಸರೆಯಲ್ಲಿ. ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಯನ್ನು ಜಂಕ್ಷನ್ ಮಾಡಿ, ಅಲ್ಲಿ ದೊಡ್ಡ ವರ್ಕ್‌ಶಾಪ್ ಕಟ್ಟಿತ್ತು. ಇಪ್ಪತ್ತು ಮೂವತ್ತು ಅಡಿ ಅಗಲದ ಪರದೆಗಳನ್ನು ಬಿದಿರಿಗೆ ಸುತ್ತಿ ಊರೂರಿಗೆ ಸಾಗಿಸುವುದು ಎತ್ತಿನ ಗಾಡಿಯ ಕಾಲದಲ್ಲಿ ಸುಲಭವಿರಲಿಲ್ಲ. 1908ರಲ್ಲಿ ಆ ರೈಲ್ವೆ ಮದ್ರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. ಅದೇ ವರ್ಷ ಕೊಲ್ಹಾಪುರದ ಗಾಯಕ ನಟ ಕೇಶವರಾವ್ ಭೋಸಲೆ, ಇನ್ನೂ ಹದಿನೆಂಟರ ಹುಡುಗ, ಹುಬ್ಬಳ್ಳಿಯಲ್ಲಿ ‘ಲಲಿತಕಲಾದರ್ಶ’ ಮಂಡಳಿ ಸ್ಥಾಪಿಸಿದ. ಮರಾಠಿಯ ಹೆಸರಾಂತ ಕಂಪನಿಯೊಂದು ಹುಟ್ಟಿದ್ದು ಹೀಗೆ ಕನ್ನಡದ ಊರಿನಲ್ಲಿ.

ಪರದೆಯ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದನ್ನು ಸ್ವಲ್ಪ ನೋಡಬೇಕು. ದಪ್ಪ ಬಟ್ಟೆಗೆ ಮೊದಲು ಅಸ್ತರು, ಅದರ ಮೇಲೆ ಅಂಟಿನಲ್ಲಿ ಕಲಸಿದ ಪುಡಿಬಣ್ಣ. ದರ್ಬಾರು, ಅರಮನೆ, ಕಾಡು, ತೋಟ, ಬೀದಿ, ಜೈಲು: ಇಷ್ಟಿದ್ದರೆ ಹೆಚ್ಚುಕಡಿಮೆ ಎಲ್ಲ ನಾಟಕವೂ ನಡೆಯುತ್ತದೆ. ಇವುಗಳಲ್ಲಿ ಬೀದಿಯ ಪರದೆ ಬಹಳ ಉಪಕಾರಿ. ಅದನ್ನು ರಂಗದ ಮುಂಭಾಗದಲ್ಲೇ ಇಳಿಬಿಟ್ಟು, ಅದರ ಮುಂದೆ ಹಾಸ್ಯದ ಜೋಡಿ ಜನರನ್ನು ನಗಿಸುತ್ತಿದ್ದರೆ, ಹಿಂದೆ ಸದ್ದಿಲ್ಲದೆ ದರ್ಬಾರು ಜೋಡಣೆಯಾಗುತ್ತದೆ. ಪರದೆ ಎದ್ದಾಗ ಕಂಬಗಳ ಸಾಲು ದೂರ ದೂರಕ್ಕೆ ಹೋಗಿ ಒಂದು ಚುಕ್ಕೆಯಲ್ಲಿ ಕರಗುತ್ತದೆ. ಬಟ್ಟೆಗೆ ಆಳ ಎಂಬುದಿಲ್ಲ. ಆ ಆಳ ಗೀಟುಗಳ ಲೆಕ್ಕಾಚಾರದಿಂದ ಬಂದದ್ದು.

ಆ ಲೆಕ್ಕದಲ್ಲಿ ಎರಡು ಮಿತಿಗಳಿದ್ದವು. ನಟ ಪರದೆಯ ತೀರ ಹತ್ತಿರ ಹೋದರೆ ಬರೆದ ಬಾಗಿಲು ಅವನ ಸೊಂಟಕ್ಕೆ ಬಂದುಬಿಡುತ್ತದೆ. ಹಾಗಾಗಿ ಅವನು ಮುಂದೆಯೇ ನಿಂತು ಹಾಡಬೇಕು. ಎರಡನೆಯದು, ಕಂಬಗಳ ಸಾಲು ಪೂರ್ತಿ ಸರಿಯಾಗಿ ಕಾಣುವುದು ನಟ್ಟನಡುವೆ ಕೂತ ಪ್ರೇಕ್ಷಕನಿಗೆ ಮಾತ್ರ. ಪಕ್ಕದಲ್ಲಿ ಕೂತವನಿಗೆ ಅರಮನೆ ಸ್ವಲ್ಪ ಸೊಟ್ಟ. ನಾಟಕದ ದೀಪ, ಹಾರ್ಮೋನಿಯಂ ಮತ್ತು ಜನರ ಒಳ್ಳೆಯ ಮನಸ್ಸು ಆ ಸೊಟ್ಟವನ್ನು ತುಂಬಿಕೊಡುತ್ತಿದ್ದವು.

ಇದೇ ಕಾಲಕ್ಕೆ, 1907ರಲ್ಲಿ, ಅಮೆರಿಕದಲ್ಲಿ ನಾರ್ಮನ್ ಡಾನ್ ಎಂಬಾತ ‘ಮಿಷನ್ಸ್ ಆಫ್ ಕ್ಯಾಲಿಫೋರ್ನಿಯಾ’ ಎಂಬ ಚಿತ್ರ ತೆಗೆಯುತ್ತಿದ್ದ. ಹಳೆಯ ಚರ್ಚುಗಳು ಪಾಳುಬಿದ್ದಿದ್ದವು. ಅವನು ಕ್ಯಾಮೆರಾದ ಮುಂದೆ ಗಾಜು ನಿಲ್ಲಿಸಿ, ಬಿದ್ದುಹೋದ ಭಾಗಗಳನ್ನು ಆ ಗಾಜಿನ ಮೇಲೆ ಬರೆದ. ಗಾಜಿನ ಮೂಲಕ ನೋಡಿದಾಗ ಕೆಳಗೆ ನಿಜವಾದ ಗೋಡೆ, ಮೇಲೆ ಬರೆದ ಮಾಡು. ಎರಡೂ ಕೂಡಿ ಇಡೀ ಕಟ್ಟಡ. ಹಂಪಿಯ ಅರಮನೆಯ ಕಟ್ಟೆಯ ಮುಂದೆ ಗಾಜು ಹಿಡಿದು ಅರಮನೆಯನ್ನೇ ಬರೆದಂತೆ. ಕೆಲವು ವರ್ಷಗಳಲ್ಲಿ ಅವನು ಇನ್ನೊಂದು ದಾರಿ ಹಿಡಿದ: ಚೌಕಟ್ಟಿನ ಒಂದು ಭಾಗಕ್ಕೆ ಬೆಳಕು ತಾಗದಂತೆ ಮರೆಮಾಡಿ ನಟರನ್ನು ಚಿತ್ರಿಸುವುದು, ಆಮೇಲೆ ಅದೇ ಫಿಲ್ಮಿನ ಖಾಲಿ ಭಾಗದಲ್ಲಿ ವರ್ಣಚಿತ್ರವನ್ನು ಹಿಡಿಯುವುದು. ಆ ಮರೆಯೇ ಮ್ಯಾಟ್.

ನಾಟಕದ ಪರದೆಯ ಎರಡನೆಯ ಮಿತಿ ಇಲ್ಲಿ ಶಕ್ತಿಯಾಯಿತು. ಕ್ಯಾಮೆರಾ ಎಂದರೆ ನಟ್ಟನಡುವಿನ ಆ ಒಂದೇ ಕುರ್ಚಿ. ಲಕ್ಷ ಜನ ನೋಡಿದರೂ ಎಲ್ಲರೂ ಅದೇ ಕುರ್ಚಿಯಿಂದ ನೋಡುತ್ತಾರೆ. ಕ್ಯಾಮೆರಾ ಕದಲದಿದ್ದರೆ ಸಾಕು, ಅರಮನೆ ಯಾರಿಗೂ ಸೊಟ್ಟ ಕಾಣುವುದಿಲ್ಲ.

ನಮ್ಮ ಕಡೆ ಪರದೆಯಿಂದ ಸಿನಿಮಾಕ್ಕೆ ಹೋದ ದಾರಿ ಕೊಲ್ಹಾಪುರದ್ದು. ಅಲ್ಲಿನ ಆನಂದರಾವ್ ಮತ್ತು ಬಾಬುರಾವ್ ಪೇಂಟರ್ ಸೋದರಸಂಬಂಧಿಗಳು. 1910ರಿಂದ 1916ರವರೆಗೆ ಪಶ್ಚಿಮ ಭಾರತದ ಸಂಗೀತ ನಾಟಕ ಕಂಪನಿಗಳಿಗೆ ಪರದೆ ಬರೆಯುವವರಲ್ಲಿ ಮುಂಚೂಣಿಯವರು. ಕಸುಬಿನ ಹೆಸರೇ ಮನೆತನದ ಹೆಸರಾಗಿ ಉಳಿಯಿತು. ಆನಂದರಾವ್ 1916ರಲ್ಲಿ ತೀರಿಕೊಂಡರು. ಬಾಬುರಾವ್ ಕ್ಯಾಮೆರಾವನ್ನು ತಾವೇ ತಯಾರಿಸಿಕೊಂಡು, ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿ, 1920ರಲ್ಲಿ ‘ಸೈರಂಧ್ರಿ’ ತೆರೆಗೆ ತಂದರು. ವಿಚಿತ್ರವೆಂದರೆ, ಪರದೆ ಬರೆದು ಹೆಸರಾದ ಈ ಮನುಷ್ಯ ಸಿನಿಮಾದಲ್ಲಿ ಪರದೆಯನ್ನು ಬಿಟ್ಟು ಘನವಾದ ಸೆಟ್ಟುಗಳನ್ನು ಕಟ್ಟಿಸಿದರು. ನಾಟಕದ ದೀಪದ ಮಬ್ಬಿನಲ್ಲಿ ಅರಮನೆಯಾಗುವ ಬಟ್ಟೆ ಕ್ಯಾಮೆರಾದ ಕಣ್ಣಿಗೆ ಬಟ್ಟೆಯಾಗಿಯೇ ಕಾಣುತ್ತದೆ. ಅದನ್ನು ಬೇಗ ಕಂಡುಕೊಳ್ಳುವವನು ಅದನ್ನು ಬರೆದವನೇ.

ಅವರ ಕಂಪನಿಗೆ ಸೇರಿದ ವಿ. ಶಾಂತಾರಾಂ ಅದಕ್ಕೂ ಮೊದಲು ಹುಬ್ಬಳ್ಳಿಯಲ್ಲಿದ್ದರು. ರೈಲ್ವೆ ವರ್ಕ್‌ಶಾಪಿನಲ್ಲಿ ಕೂಲಿ, ಜೊತೆಗೆ ತಗಡಿನ ಸಿನಿಮಾ ಥಿಯೇಟರೊಂದರಲ್ಲಿ ಬಾಗಿಲು ಕಾಯುವ ಕೆಲಸ. ಫಾಲ್ಕೆಯವರ ಚಿತ್ರಗಳನ್ನು ಅವರು ನೋಡಿದ್ದು ಅಲ್ಲಿ. 1929ರಲ್ಲಿ ಅವರೊಡನೆ ಪ್ರಭಾತ್ ಕಂಪನಿ ಕಟ್ಟಿದ ದಾಮ್ಲೆ ಮತ್ತು ಫತ್ತೇಲಾಲ್ ಕೂಡ ಬಾಬುರಾವ್ ಅವರ ಗರಡಿಯ ಕಲಾವಿದರೇ. ಆ ಇಬ್ಬರು ನಿರ್ದೇಶಿಸಿದ 1936ರ ‘ಸಂತ ತುಕಾರಾಂ’ ತನ್ನ ವೈಕುಂಠಯಾತ್ರೆಯ ದೃಶ್ಯದೊಂದಿಗೆ ವೆನಿಸ್ ಚಿತ್ರೋತ್ಸವದವರೆಗೆ ಹೋಯಿತು. ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ, 1934ರ ‘ಸತಿ ಸುಲೋಚನ’, ತಯಾರಾದದ್ದೂ ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲೇ. ಹುಬ್ಬಳ್ಳಿ ಮತ್ತು ಕೊಲ್ಹಾಪುರದ ನಡುವೆ ನಟರು, ಕೆಲಸಗಾರರು, ಕಸುಬು ಹೀಗೆ ಓಡಾಡಿಕೊಂಡಿದ್ದವು.

ಈ ಚರಿತ್ರೆಯಲ್ಲಿ ನಟರ ಹೆಸರಿದೆ, ಗಾಯಕರ ಹೆಸರಿದೆ, ಕಂಪನಿಯ ಮಾಲೀಕರ ಹೆಸರಿದೆ. ಕಂಪನಿಯ ಹಸ್ತಪತ್ರಿಕೆಗಳು ‘ಭವ್ಯ ಸೀನು-ಸೀನರಿ’ ಎಂದು ಕೂಗಿ ಹೇಳಿದವು. ಬರೆದವರು ಯಾರೆಂದು ಹೇಳುವ ರೂಢಿ ಕಡಿಮೆ. ಬಾಬುರಾವ್ ಅವರ ಹೆಸರು ಉಳಿದದ್ದು ಸಿನಿಮಾ ಮಾಡಿದ್ದರಿಂದ. ಧಾರವಾಡದ ಡಿ.ವಿ. ಹಾಲಭಾವಿ, ಗದಗಿನ ಟಿ.ಪಿ. ಅಕ್ಕಿಯವರ ಹೆಸರು ಉಳಿದದ್ದು ಚಿತ್ರಕಲಾ ಶಾಲೆಗಳನ್ನು ಕಟ್ಟಿದ್ದರಿಂದ. ಬರಿಯ ಪರದೆ ಬರೆದವರ ಬಣ್ಣ ಮಡಿಕೆಗಳಲ್ಲಿ ಉದುರಿತು, ಬಟ್ಟೆ ಮಳೆಗೆ ನೆನೆಯಿತು, ಕಂಪನಿ ಮುಚ್ಚಿದಾಗ ಹರಾಜಾಯಿತು.

ಹೊರದೇಶದಲ್ಲೂ ಕಥೆ ಬಹಳ ಬೇರೆಯಲ್ಲ. 1947ರ ‘ಬ್ಲ್ಯಾಕ್ ನಾರ್ಸಿಸಸ್’ ಚಿತ್ರದ ಕಥೆ ನಡೆಯುವುದು ಹಿಮಾಲಯದಲ್ಲಿ. ಚಿತ್ರ ತಯಾರಾದದ್ದು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೊದಲ್ಲಿ. ಆ ಕಣಿವೆ, ಆ ಪ್ರಪಾತಗಳ ಬಹುಭಾಗ ಪರ್ಸಿ ಡೇ ಮತ್ತು ಸಂಗಡಿಗರ ಕೈಚಳಕ. ಆಸ್ಕರ್ ಬಂದದ್ದು ಛಾಯಾಗ್ರಾಹಕನಿಗೆ ಮತ್ತು ಕಲಾ ನಿರ್ದೇಶಕನಿಗೆ. ಈ ಕಸುಬಿನಲ್ಲಿ ಗೆಲುವೆಂದರೆ ಕಾಣದಿರುವುದು. ಮರೆಯಲ್ಲಿದ್ದವರನ್ನು ಮರೆಯುವುದು ಸುಲಭ.

1990ರಲ್ಲಿ ಫೋಟೋಶಾಪ್ ಬಂತು. ಅದನ್ನು ರೂಪಿಸಿದ ಥಾಮಸ್ ಮತ್ತು ಜಾನ್ ನೋಲ್ ಸಹೋದರರಲ್ಲಿ ಜಾನ್, ದೃಶ್ಯ ಪರಿಣಾಮಗಳ ಸಂಸ್ಥೆ ಐಎಲ್‌ಎಂನಲ್ಲಿ ಕೆಲಸ ಮಾಡುತ್ತಿದ್ದವರು. ಗಾಜು, ಕುಂಚಗಳ ಜಾಗಕ್ಕೆ ಪರದೆಯೇ ಬಂತು, ಕಂಪ್ಯೂಟರಿನ ಪರದೆ. ಬರೆದ ಚಿತ್ರವನ್ನು ಗಣಕದೊಳಗಿನ ಮೂರು ಆಯಾಮದ ಆಕಾರಗಳ ಮೇಲೆ ಹೊದಿಸುವುದು ಸಾಧ್ಯವಾದಾಗ ಕ್ಯಾಮೆರಾ ಕೂಡ ಕುರ್ಚಿ ಬಿಟ್ಟು ಎದ್ದಿತು. ಕನ್ನಡದ ‘ಕೆ.ಜಿ.ಎಫ್.’ ಮೊದಲ ಭಾಗಕ್ಕೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಸ್ಪೆಷಲ್ ಎಫೆಕ್ಟ್ಸ್ ಪ್ರಶಸ್ತಿ ಬಂದಾಗ ಈ ಕೆಲಸ ನಮ್ಮ ಮನೆಮಾತಾಯಿತು.

ಉಪಕರಣ ಬದಲಾದರೂ ಸ್ಪರ್ಧೆಯಲ್ಲಿ ಚಿತ್ರ ಸೋಲುವ ಕಾರಣಗಳು ಹಳೆಯವೇ. ಜೋಡಿಸಿದ ಎರಡು ಫೋಟೊಗಳ ದಿಗಂತರೇಖೆ ಒಂದೇ ಎತ್ತರದಲ್ಲಿರುವುದಿಲ್ಲ. ಕೋಟೆಯ ನೆರಳು ಎಡಕ್ಕೆ, ಮರದ ನೆರಳು ಬಲಕ್ಕೆ ಬಿದ್ದಿರುತ್ತದೆ. ದೂರದ ಬೆಟ್ಟ ಹತ್ತಿರದ ಬಂಡೆಯಷ್ಟೇ ಕಪ್ಪಾಗಿರುತ್ತದೆ. ಇವನ್ನು ಕಲಿಯಲು ಧಾರವಾಡದವರಿಗೆ ದೂರ ಹೋಗಬೇಕಿಲ್ಲ. ಪಶ್ಚಿಮಕ್ಕೆ ನಿಂತರೆ ಮಲೆನಾಡಿನ ಅಂಚು, ಮಳೆಗಾಲದಲ್ಲಿ ಒಂದರ ಹಿಂದೊಂದು ತೆಳುವಾಗುತ್ತಾ ಹೋಗುವ ಹಸಿರು. ಪೂರ್ವಕ್ಕೆ ತಿರುಗಿದರೆ ಎರೆಹೊಲ, ತಡೆಯಿಲ್ಲದ ಗೀಟಿನಂಥ ದಿಗಂತ. ನಡುವೆ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ. ಅದರ ಸುತ್ತ ಚಾಲುಕ್ಯರ ಕಾಲದ ಊರನ್ನು ಕಟ್ಟಿ ತೋರಿಸು ಎಂದರೆ ಅದೇ ಒಂದು ಒಳ್ಳೆಯ ಸ್ಪರ್ಧೆ.

ಈಗ ನಾಲ್ಕು ಮಾತು ಬರೆದರೆ ಯಂತ್ರವೇ ಹಿನ್ನೆಲೆ ಬರೆದುಕೊಡುತ್ತದೆ. ಯಾರು ಬರೆದದ್ದು ಎಂಬ ಪ್ರಶ್ನೆ ಮತ್ತೆ ಮಸುಕಾಗುವ ಹೊತ್ತು ಇದು. ಹಾಗಾಗಿ ಬಹುಮಾನಕ್ಕಿಂತ, ಹಂತಹಂತವನ್ನೂ ತೋರಿಸು ಎನ್ನುವ ಸ್ಪರ್ಧೆಯ ನಿಯಮವೇ ನನಗೆ ಮುಖ್ಯವಾಗಿ ಕಾಣುತ್ತದೆ. ಮೊದಲ ಗೀಟು, ಅಳಿಸಿದ ಗೋಪುರ, ಬದಲಿಸಿದ ಬೆಳಕು, ಇವೆಲ್ಲ ದಿನಾಂಕದ ಸಮೇತ, ಮಾಡಿದವರ ಹೆಸರಿನಲ್ಲಿ ಉಳಿಯುತ್ತವೆ. ಹುಬ್ಬಳ್ಳಿಯ ಕಂಪನಿಗಳಿಗೆ ದರ್ಬಾರು ಬರೆದುಕೊಟ್ಟವರ ಬಗ್ಗೆ ನಮಗೆ ಬೇಕಾಗಿದ್ದದ್ದೂ ಇಷ್ಟೇ. ಉತ್ತರ ಕರ್ನಾಟಕದ ಹಳೆಯ ಕಂಪನಿ ಮನೆತನಗಳ ಅಟ್ಟದಲ್ಲಿ ಸುತ್ತಿಟ್ಟ ಪರದೆಗಳು ಇದ್ದರೂ ಇರಬಹುದು. ಬಿಚ್ಚುವ ಅವಕಾಶ ಸಿಕ್ಕವರು ಕೆಳಗಿನ ಮೂಲೆಯನ್ನೊಮ್ಮೆ ನೋಡಬೇಕು. ಅಲ್ಲಿ ಸಣ್ಣ ಅಕ್ಷರದಲ್ಲಿ ಯಾರದೋ ಸಹಿ ಇದ್ದರೆ ಬರೆದಿಟ್ಟುಕೊಳ್ಳಬೇಕು.