ಹಳೆಯ ಬೀದಿದೀಪ ಬೆಳಗಿಸುವ ಹವ್ಯಾಸ

ದೊಡ್ಡಬಳ್ಳಾಪುರದ ಮಗ್ಗುಲಿನ ಬಾಶೆಟ್ಟಿಹಳ್ಳಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಕಾಂಪೌಂಡು, ಲಾರಿ ನಿಲ್ಲುವ ಅಂಗಳ, ಒಳರಸ್ತೆಗಳಿಗೆಲ್ಲ ದಶಕಗಳ ಕಾಲ ಸೋಡಿಯಂ ದೀಪದ ಹಳದಿ ಬೆಳಕೇ ಇತ್ತು. ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವ ರಾಷ್ಟ್ರೀಯ ಕಾರ್ಯಕ್ರಮ 2015ರ ಜನವರಿಯಲ್ಲಿ ಶುರುವಾಯಿತು. ಕರೆಂಟು ಉಳಿಯಿತು, ಒಳ್ಳೆಯದೇ. ಆದರೆ ಇಳಿಸಿದ ಫಿಟ್ಟಿಂಗುಗಳು ಅಲ್ಯೂಮಿನಿಯಂ ತೂಕಕ್ಕೆ ಗುಜರಿ ಸೇರುತ್ತಿವೆ. ಮೈಸೂರು ಅರಮನೆಯ ಸುತ್ತಲಿನ ಅಲಂಕಾರದ ಕಂಬಗಳನ್ನು ಕಾಪಾಡುವವರಿದ್ದಾರೆ. ಪಾಳಿ ಮುಗಿಸಿ ಮನೆಗೆ ಹೋಗುವವರಿಗೆ ದಾರಿ ತೋರಿದ ದೀಪಕ್ಕೆ ಯಾರೂ ಇಲ್ಲ. ಹವ್ಯಾಸಿಗಳು ಮೊದಲು ಕೈಹಾಕಬೇಕಾದದ್ದು ಇವಕ್ಕೇ.

ಹಿನ್ನೆಲೆ

ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಮೊದಲು ಹರಿದದ್ದು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಅದು ಬಂದದ್ದು 1905ರ ಆಗಸ್ಟ್‌ನಲ್ಲಿ, ಈಗಿನ ಕೆ.ಆರ್. ಮಾರುಕಟ್ಟೆಯ ಆಸುಪಾಸಿನ ಬೀದಿದೀಪಗಳ ರೂಪದಲ್ಲಿ. ಇದನ್ನು ಏಷ್ಯಾದಲ್ಲೇ ಮೊದಲು ಎಂದು ಹೇಳುವ ರೂಢಿಯಿದೆ. ಆದರೆ ಶಾಂಘೈನಲ್ಲಿ 1882ರಲ್ಲೇ ವಿದ್ಯುತ್ ಬೀದಿದೀಪ ಉರಿದಿತ್ತು. ಅಷ್ಟು ದೂರದ ಜಲಪಾತದಿಂದ ತಂತಿಯಲ್ಲಿ ಬಂದ ಬೆಳಕು ಎಂಬುದೇ ನಮಗೆ ಸಾಕಷ್ಟು ದೊಡ್ಡ ಹೆಮ್ಮೆ.

ಆಮೇಲೆ ಎನಾಮೆಲ್ ತಟ್ಟೆಯ ಕೆಳಗಿನ ಬಲ್ಬು, ನಾಲ್ಕಡಿ ಟ್ಯೂಬ್‌ಲೈಟು, ನೀಲಿಛಾಯೆಯ ಮರ್ಕ್ಯುರಿ, ಹಳದಿ ಸೋಡಿಯಂ ಬಂದವು. ಮಲ್ಲೇಶ್ವರದ ಬಳಿ 1936ರಲ್ಲಿ ಸ್ಥಾಪನೆಯಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಈಗ ಮುಚ್ಚಿದೆ. ಅದರ ಹೆಸರು ಅಚ್ಚಾಗಿರುವ ಬಲ್ಬು ಸಿಕ್ಕರೆ ಉರಿಸದೆ ಎತ್ತಿಡಿ.

ಸಂಗ್ರಹ

ಕಂಬದ ಮೇಲಿರುವ ದೀಪ ಪಂಚಾಯಿತಿ ಅಥವಾ ನಗರಸಭೆಯ ಸ್ವತ್ತು, ಅದನ್ನು ಮುಟ್ಟಬಾರದು. ಹರಾಜು, ಗುಜರಿ ಅಂಗಡಿ, ಬೆಂಗಳೂರಿನ ಸಂಡೇ ಬಜಾರ್ ಇವೇ ಸರಿಯಾದ ದಾರಿ. ತೆಗೆದುಕೊಳ್ಳುವಾಗ ರಸೀತಿ ಕೇಳಿ.

ಒಳಗೆ ಏನಿದೆ

ಸೋಡಿಯಂ ಫಿಟ್ಟಿಂಗಿನಲ್ಲಿ ಬಲ್ಬಿನ ಜೊತೆ ಮೂರು ಅಂಗಗಳಿರುತ್ತವೆ. ಚೋಕು ಕರೆಂಟನ್ನು ಮಿತಿಯಲ್ಲಿಡುತ್ತದೆ, ಅದಿಲ್ಲದೆ ಬಲ್ಬು ಕ್ಷಣದಲ್ಲಿ ಹಾಳಾಗುತ್ತದೆ. ಇಗ್ನೈಟರ್ ಕೆಲವು ಸಾವಿರ ವೋಲ್ಟಿನ ಮಿಡಿತ ಕೊಟ್ಟು ಬೆಳಕನ್ನು ಹೊತ್ತಿಸುತ್ತದೆ. ಕೆಪಾಸಿಟರ್ ಪವರ್ ಫ್ಯಾಕ್ಟರ್ ಸರಿಪಡಿಸುತ್ತದೆ. ಸಾಮಾನ್ಯ ಮರ್ಕ್ಯುರಿ ದೀಪಕ್ಕೆ ಇಗ್ನೈಟರ್ ಬೇಡ. ಆದರೆ ಪೂರ್ತಿ ಬೆಳಗಲು ನಾಲ್ಕೈದು ನಿಮಿಷ ಬೇಕು, ಆರಿಸಿದರೆ ತಣಿಯುವ ತನಕ ಮತ್ತೆ ಹೊತ್ತದು. ಮರ್ಕ್ಯುರಿ ಚೋಕನ್ನು ಸೋಡಿಯಂ ಬಲ್ಬಿಗೆ ಹಾಕಬಾರದು. ವ್ಯಾಟೂ ಹೊಂದಬೇಕು: 70ಕ್ಕೆ 70, 150ಕ್ಕೆ 150.

ಒಳಗಿನದನ್ನೆಲ್ಲ ಕಿತ್ತು ಎಲ್‌ಇಡಿ ಬಲ್ಬು ಸಿಕ್ಕಿಸುವುದು ಸುಲಭ. ನನ್ನ ಮಟ್ಟಿಗೆ ಅದು ಚಿಪ್ಪನ್ನಷ್ಟೇ ಉಳಿಸಿದಂತೆ. ಚೋಕಿನ ಆ ಸಣ್ಣ ಗುಂಯ್‌ಗಾನ, ನಿಧಾನವಾಗಿ ಹಳದಿಗೆ ತಿರುಗುವ ಬೆಳಕು ಇವೂ ಆ ದೀಪದ ಚರಿತ್ರೆಯೇ.

ಬಿಚ್ಚುವುದು, ತೊಳೆಯುವುದು

ಬಿಚ್ಚುವ ಮೊದಲು ಪ್ರತಿ ತಂತಿಯ ಫೋಟೊ ತೆಗೆಯಿರಿ. ಕೆಪಾಸಿಟರ್ ಕರೆಂಟಿಲ್ಲದಾಗಲೂ ಶಾಕ್ ಹೊಡೆಯಬಲ್ಲದು, ರೆಸಿಸ್ಟರ್ ಮೂಲಕ ಖಾಲಿಮಾಡಿ. ತೀರಾ ಹಳೆಯ ಕೆಪಾಸಿಟರುಗಳಲ್ಲಿ ವಿಷಕಾರಿ ಎಣ್ಣೆ, ತಂತಿಗಳಲ್ಲಿ ಕಲ್ನಾರು, ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ ಬಣ್ಣ ಉಜ್ಜಿ ಧೂಳೆಬ್ಬಿಸಬೇಡಿ, ಒದ್ದೆಮಾಡಿ ತೆಗೆಯಿರಿ. ಹೊರಗಾಜು ಒಡೆದ ಮರ್ಕ್ಯುರಿ ಬಲ್ಬನ್ನು ಉರಿಸಲೇಬೇಡಿ. ಅದರ ನೇರಳಾತೀತ ಕಿರಣ ಕಣ್ಣು, ಚರ್ಮ ಸುಡುತ್ತದೆ. ಅದರೊಳಗಿನ ಪಾದರಸ ಕಸದ ಬುಟ್ಟಿಗೆ ಸೇರಬಾರದು. ಪ್ರತಿಫಲಕವನ್ನು ಮೆದು ಬಟ್ಟೆ, ಸೋಪುನೀರಿನಲ್ಲಿ ಒರೆಸಿದರೆ ಸಾಕು. ತಿಕ್ಕಿದರೆ ಹೊಳಪು ಹೋಗುತ್ತದೆ.

ಹೊಸ ವೈರಿಂಗ್

ಬಿಸಿಗೆ ಒಣಗಿ ಪುಡಿಯಾಗುವ ಹಳೆಯ ತಂತಿಯನ್ನು ಭಾವುಕತೆಯಿಂದ ಉಳಿಸಿಕೊಳ್ಳಬೇಡಿ. ಒಳಗೆ ಶಾಖ ತಡೆಯುವ ಸಿಲಿಕೋನ್ ತಂತಿ, ಹೊರಗೆ ಅರ್ಥ್ ಇರುವ ಮೂರು ಎಳೆಯ ಕೇಬಲ್ ಹಾಕಿ. ಪಿಂಗಾಣಿ ಹೋಲ್ಡರಿನ ಮಧ್ಯದ ಬಿಂದುವಿಗೆ ಚೋಕು, ಇಗ್ನೈಟರ್ ಮೂಲಕ ಬರುವ ಫೇಸ್, ಸ್ಕ್ರೂ ಭಾಗಕ್ಕೆ ನ್ಯೂಟ್ರಲ್. ಹಲವು ಹಳೆಯ ಫಿಟ್ಟಿಂಗುಗಳಲ್ಲಿ ಅರ್ಥ್ ಜಾಗವೇ ಇರುವುದಿಲ್ಲ. ಲೋಹದ ಮೈಯ ಒಂದೆಡೆ ಬಣ್ಣ ಕೆರೆದು, ಬೋಲ್ಟ್ ಕೂರಿಸಿ ಅರ್ಥ್ ಕೊಡಲೇಬೇಕು.

ಮೊದಲ ಪರೀಕ್ಷೆಗೆ ನಮ್ಮ ಎಲೆಕ್ಟ್ರಿಷಿಯನ್ನರ ಸೀರೀಸ್ ಬಲ್ಬೇ (ಫಿಟ್ಟಿಂಗಿನ ದಾರಿಯಲ್ಲಿ ಸರಣಿಯಾಗಿ ಜೋಡಿಸುವ ಸಾದಾ ಬಲ್ಬು) ಸಾಕು, ಅದು ಉರಿದರೆ ಒಳಗೆಲ್ಲೋ ಶಾರ್ಟ್ ಇದೆ ಎಂದರ್ಥ. ಫಿಟ್ಟಿಂಗಿನ ಬಲ್ಬು, ಕೆಪಾಸಿಟರ್ ಎರಡನ್ನೂ ಬಿಚ್ಚಿಟ್ಟು ಮಾಡಿ. ಕೆಪಾಸಿಟರ್ ಇದ್ದರೆ ಅದರ ಮೂಲಕ ಹರಿಯುವ ಕರೆಂಟಿಗೇ ಸೀರೀಸ್ ಬಲ್ಬು ಉರಿದು ದಾರಿ ತಪ್ಪಿಸುತ್ತದೆ. ಆಮೇಲೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟುಮಾಡಿ, ಅವಕ್ಕೂ ಲೋಹದ ಮೈಗೂ ನಡುವೆ ಮೆಗ್ಗರ್ ಹಿಡಿದು ಇನ್ಸುಲೇಷನ್ ನೋಡಬೇಕು. ನಂತರವೇ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮೂಲಕ 230 ವೋಲ್ಟ್ ಕೊಡಿ. ಮೊದಲ ಸಲ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಪಕ್ಕದಲ್ಲಿರಲಿ.

ದಾಖಲೆ

ಫಿಟ್ಟಿಂಗ್ ಸಿಕ್ಕಿದ ಊರು, ತಯಾರಕರ ಹೆಸರು, ವ್ಯಾಟ್, ಬದಲಿಸಿದ ಭಾಗಗಳು ಇಷ್ಟನ್ನೂ ಚೀಟಿಯಲ್ಲಿ ಬರೆದು ಕವಚದೊಳಗೆ ಇಡಿ. ತೆಗೆದ ಮೂಲ ಭಾಗಗಳಲ್ಲಿ ಅಪಾಯವಿಲ್ಲದವನ್ನು ಎಸೆಯಬೇಡಿ, ಮುಂದಿನವರಿಗೆ ಮಾದರಿಗೆ ಬೇಕಾಗುತ್ತವೆ. ಮನೆಯಂಗಳದಲ್ಲಿ ನಿಲ್ಲಿಸುವುದಾದರೆ ಬೆಳಕು ಕೆಳಮುಖವಾಗಿರಲಿ, ಪಕ್ಕದ ಮನೆಯ ಕಿಟಕಿಗೆ ಬೀಳದಿರಲಿ.