ವಿಳಾಸದ ವಿಲಾಸ

ಮೊನ್ನೆ ಟಿವಿಯ ಮುಂದೆ ಪ್ಲೇಸ್ಟೇಷನ್ ಹಿಡಿದು ಕೂತಿದ್ದ ನನ್ನ ಸೋದರಳಿಯ, "ಮಾಮ, ಫ್ರೆಂಡ್ಸ್ ಜೊತೆ ಆಟ ಕನೆಕ್ಟೇ ಆಗ್ತಿಲ್ಲ, ಐಪಿ ಅಡ್ರೆಸ್ ಸೆಟ್ ಮಾಡ್ಬೇಕಂತೆ" ಎಂದ. ಅವನಿಗೆ ಬೇಕಿದ್ದುದು ರೌಟರಿನ ಪಾಸ್‌ವರ್ಡು. ನಾನು ಮಾತ್ರ ಆ ವಾಕ್ಯವನ್ನು ಮನಸ್ಸಿನಲ್ಲೇ ಕನ್ನಡಿಸಿಕೊಂಡು ಅಲ್ಲೇ ನಿಂತುಬಿಟ್ಟೆ. ಆಟಕ್ಕೆ ವಿಳಾಸ ಬೇಕು! ಪದದ ಬೆನ್ನುಹತ್ತುವ ನಮ್ಮಂಥವರಿಗೆ ಇದು ಒಂದೇ ಮಾತನ್ನು ಎರಡು ಸಲ ಹೇಳಿದಂತೆ. ವಿಳಾಸವೂ ಮೂಲದಲ್ಲಿ ಆಟವೇ ತಾನೆ?

ಸಂಸ್ಕೃತದ 'ಲಸ್' ಧಾತುವಿಗೆ ಹೊಳೆ, ನಲಿ, ಕ್ರೀಡಿಸು ಎಂಬ ಅರ್ಥಗಳಿವೆ. ಲಾಸ್ಯ, ಉಲ್ಲಾಸಗಳು ಅದರದೇ ಮಕ್ಕಳು. 'ವಿ' ಉಪಸರ್ಗ ಸೇರಿ ಹುಟ್ಟಿದ ವಿಲಾಸ ಮೊದಲು ಕ್ರೀಡೆ, ಆಮೇಲೆ ಬೆಡಗು, ಬಿನ್ನಾಣ. ನಾಟ್ಯಶಾಸ್ತ್ರದಲ್ಲಿ ನಾಯಿಕೆಯ ಹತ್ತು ಸಹಜಾಲಂಕಾರಗಳ ಪೈಕಿ ಒಂದು, ನಾಯಕನ ಎಂಟು ಗುಣಗಳಲ್ಲೂ ಒಂದು. ಕಾವ್ಯದ ಹಣೆಯ ಮೇಲೆ ಕುಳಿತು ಜಗನ್ನಾಥ ಪಂಡಿತನ ಭಾಮಿನೀವಿಲಾಸ, ನಮ್ಮ ಷಡಕ್ಷರಿಯ ರಾಜಶೇಖರವಿಳಾಸ. ಕಟ್ಟಡದ ಹಣೆಯ ಮೇಲೆ ಕುಳಿತು ಮೈಸೂರಿನ ಅಂಬಾವಿಲಾಸ. ಅಲ್ಲಿಂದ ಬೀದಿಗಿಳಿದು ಊರೂರಿನ ಹೋಟೆಲುಗಳ ಬೋರ್ಡು.

ಈ ನಡುವೆ ಲಕಾರ ಳಕಾರವಾದದ್ದು ಹೊಸ ಸಂಗತಿಯಲ್ಲ. ಸಂಸ್ಕೃತದ ಲ ಕನ್ನಡದ ನಾಲಗೆಯಲ್ಲಿ ಮಗುಚಿ ಳ ಆಗುವುದನ್ನು 13ನೆಯ ಶತಮಾನದ ಕೇಶಿರಾಜನೇ ಗುರುತಿಸಿ ಅದಕ್ಕೆ 'ಕ್ಷಳ' ಎಂದು ಹೆಸರಿಟ್ಟ. ಕಮಲ–ಕಮಳ, ಲೀಲೆ–ಲೀಳೆಗಳಂತೆ ವಿಲಾಸ–ವಿಳಾಸಗಳೂ ಹಳಗನ್ನಡದಲ್ಲಿ ಒಂದೇ ಪದದ ಎರಡು ಉಚ್ಚಾರ. ಸೊಗಸಿರುವುದು ಮುಂದಿನ ಆಸ್ತಿಪಾಲಿನಲ್ಲಿ: ಹೊಸಗನ್ನಡದಲ್ಲಿ ಲಕಾರದವನು ಸುಖಭೋಗಗಳನ್ನೆಲ್ಲ ಇಟ್ಟುಕೊಂಡ, ಳಕಾರದವನ ಪಾಲಿಗೆ ಮನೆ ನಂಬರು, ಅಡ್ಡರಸ್ತೆ, ಪಿನ್‌ಕೋಡು ಬಂದವು.

ಬೆಡಗು ಬಾಗಿಲಸಂಖ್ಯೆಯಾದದ್ದು ಹೇಗೆ? ನೆರೆಮನೆಗಳಲ್ಲಿ ಸುಳಿವಿದೆ. ತಮಿಳರಿಗೂ ವಿಲಾಸಂ ಎಂದರೆ ಅಡ್ರೆಸ್ಸೇ, ಮಲಯಾಳಿಗಳಿಗೆ ಮೇಲ್‌ವಿಲಾಸಂ, ಅಂದರೆ ಮೇಲೆ ಬರೆದದ್ದು. ನಾಟುಕೋಟ್ಟೈ ಚೆಟ್ಟಿಯಾರರಂತೂ ಹಿರಿಯರ ಹೆಸರುಗಳ ಮೊದಲಕ್ಷರಗಳನ್ನು ಪೋಣಿಸಿ ತಮ್ಮ ಲೇವಾದೇವಿ ಅಂಗಡಿಗೆ ಇಟ್ಟುಕೊಳ್ಳುತ್ತಿದ್ದ ಗುರುತನ್ನೇ ವಿಲಾಸಂ ಎಂದರು. ಬೆಡಗಿನಿಂದ ಬಿರುದು, ಬಿರುದಿನಿಂದ ಹೆಸರು, ಹೆಸರಿನಿಂದ ಕಾಗದದ ಮೇಲ್ಬರಹ, ಅದರಿಂದ ನೆಲೆ: ನನ್ನ ಊಹೆ ಈ ಮೆಟ್ಟಿಲುಗಳನ್ನೇ ಇಳಿಯುತ್ತದೆ.

ಇಷ್ಟು ಇಳಿದ ಪದ ಈಗ ಅಂಕಿಗಳ ಊರಿಗೆ ಬಂದಿದೆ. ಐಪಿ ವಿಳಾಸದ ನಾಲ್ಕನೆಯ ಆವೃತ್ತಿಯಲ್ಲಿ, ಸೊನ್ನೆಯಿಂದ 255ರವರೆಗಿನ ನಾಲ್ಕು ಸಂಖ್ಯೆಗಳನ್ನು ಜೋಡಿಸಿದರೆ ಸಿಗುವುದು ಸುಮಾರು 429 ಕೋಟಿ ವಿಳಾಸ. 2011ರ ಫೆಬ್ರುವರಿಯಲ್ಲಿ ಅದರ ಕೇಂದ್ರ ಕಣಜ ಬರಿದಾಯಿತು. ಅದಕ್ಕೆ ಮುಂಚೆಯೇ ಕಂಡುಕೊಂಡಿದ್ದ ಉಪಾಯವೆಂದರೆ ವಠಾರ. ಒಳಗಿನ ಫೋನು, ಟಿವಿ, ಕನ್ಸೋಲುಗಳಿಗೆಲ್ಲ 192.168 ಎಂದು ಶುರುವಾಗುವ ಮನೆಯೊಳಗಿನ ಹೆಸರು, ಬೀದಿಗೆ ಮಾತ್ರ ಒಂದೇ ಗೇಟು, ಒಂದೇ ವಿಳಾಸ. ನಡುವೆ ನಿಂತು ಹೆಸರು ಬದಲಿಸುವ ಕೆಲಸಕ್ಕೆ ನ್ಯಾಟ್ ಎಂದು ಹೆಸರು. ಒಳಗಿನವರು ಬರೆದ ಕಾಗದಕ್ಕೆ ಉತ್ತರ ಬಂದರೆ ತೊಂದರೆಯಿಲ್ಲ. ಆದರೆ ಹಲವು ಆಟಗಳಲ್ಲಿ ಗೆಳೆಯನ ಕನ್ಸೋಲು ನೇರವಾಗಿ ಬಂದು ಗೇಟು ತಟ್ಟುತ್ತದೆ, ಯಾರ ಮನೆಗೆಂದು ತಿಳಿಯದ ಗೇಟು ಸುಮ್ಮನಿರುತ್ತದೆ. ಆ ಬಿಗಿತವನ್ನೇ ಪ್ಲೇಸ್ಟೇಷನ್ 'ಟೈಪ್ 3' ಎನ್ನುತ್ತದೆ, ಎಕ್ಸ್‌ಬಾಕ್ಸ್ 'ಸ್ಟ್ರಿಕ್ಟ್' ಎನ್ನುತ್ತದೆ. ಎಕ್ಸ್‌ಬಾಕ್ಸಿಗಾದರೆ 3074ನೆಯ ಪೋರ್ಟಿಗೆ ಬಂದದ್ದನ್ನು ಇಂಥ ಮನೆಗೇ ಕಳಿಸು ಎಂದು ರೌಟರಿಗೆ ಹೇಳಿಡಬೇಕು. ಇಂಟರ್‌ನೆಟ್ ಕೊಡುವವರೇ ಇಡೀ ಬಡಾವಣೆಯನ್ನು ಇನ್ನೊಂದು ನ್ಯಾಟಿನ ಹಿಂದೆ ಕೂರಿಸಿದ್ದರೆ, ಅದು ವಠಾರದೊಳಗಿನ ವಠಾರ. ನಮ್ಮ ಗೇಟು ತೆರೆದರೂ ಆಚೆಯದು ತೆರೆಯದು.

ಹೇಳಿಟ್ಟರೂ ಒಂದು ತೊಡಕು ಉಳಿಯುತ್ತದೆ. ಡಿಎಚ್‌ಸಿಪಿ ಎಂಬ ವ್ಯವಸ್ಥೆ ಒಳವಿಳಾಸಗಳನ್ನು ಕೊಡುವುದು ದಾನವಾಗಿ ಅಲ್ಲ, ಲೀಸಿಗೆ. ಅವಧಿ ಮುಗಿದ ಮೇಲೆ ಕನ್ಸೋಲಿಗೆ ಬೇರೆ ಸಂಖ್ಯೆ ಸಿಕ್ಕಿದರೆ, ಆಟದ ಕಾಗದ ಹಳೆಯ ಕೋಣೆಯ ಹೊಸ ಬಾಡಿಗೆದಾರನಾದ ಪ್ರಿಂಟರಿನ ಕೈಸೇರುತ್ತದೆ. ಆದ್ದರಿಂದಲೇ ಆ ಸಂಖ್ಯೆಯನ್ನು ಕನ್ಸೋಲಿನ ಹೆಸರಿಗೆ ರೌಟರಿನಲ್ಲಿ ಕಾಯ್ದಿರಿಸುವುದು. ಅರ್ಜಿ ನಮೂನೆಗಳ ಮಾತಿನಲ್ಲಿ ಹೇಳುವುದಾದರೆ 'ಹಾಲಿ ವಿಳಾಸ'ವನ್ನು 'ಖಾಯಂ ವಿಳಾಸ' ಮಾಡುವುದು. ವಿಳಾಸವನ್ನು ಕಾಯಲು ಸಂಸ್ಕೃತದ ಸ್ಥಿರಕ್ಕಿಂತ ಅರಬ್ಬಿಯಿಂದ ಬಂದ ಖಾಯಮ್ಮೇ ನಮ್ಮ ಕಚೇರಿಗಳಲ್ಲಿ ಗಟ್ಟಿ ಕಾವಲುಗಾರ.

ಆ ಸಂಜೆ ಅಷ್ಟು ಮಾಡಿದೆವು. ಟೈಪ್ 3 ಹೋಗಿ ಟೈಪ್ 2 ಬಂತು, ಹುಡುಗ ಆಟಕ್ಕೆ ಕೂತ. ಗಣಕಪದಗಳನ್ನು ಕನ್ನಡಿಸುವ ಗೆಳೆಯರಲ್ಲಿ ಒಂದು ಕೋರಿಕೆ: ಐಪಿ ವಿಳಾಸವನ್ನು ವಿಳಾಸವಾಗಿಯೇ ಉಳಿಸಿದ್ದೀರಿ, ಸಂತೋಷ. ಡಿಎಚ್‌ಸಿಪಿಯ ಲೀಸಿಗೂ ಹೊಸ ಪದ ಟಂಕಿಸಬೇಡಿ, 'ಭೋಗ್ಯ' ಎನ್ನಿ. ಕರಾರಿನ ಅವಧಿಯವರೆಗೆ ಅನುಭವಿಸಿ ಬಿಟ್ಟುಕೊಡುವುದಕ್ಕೆ ನಮ್ಮ ಊರುಗಳಲ್ಲಿ ಇಂದಿಗೂ ಅದೇ ಮಾತು, ಭೋಗಕ್ಕೂ ವಿಲಾಸಕ್ಕೂ ಹಳೆಯ ನಂಟು.